ಹುಟ್ಟುಕುಂದುಗಳ ಅರಿವು ಬಂದ ಬಗೆ

೧

ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಯ ಕಡೆಗೆ ಹೋಗುವ ದಾರಿಯಲ್ಲಿ ದೊಡ್ಡಬೆಳವಂಗಲವೆಂಬ ಊರಿರುವುದು. ಹೋಬಳಿಯ ಮುಖ್ಯಸ್ಥಳವಾದ ಈ ಊರಿನ ಸುತ್ತಲೂ ರಾಗಿಯ ಹೊಲಗಳೂ ತೋಟಗಳೂ ಹಬ್ಬಿವೆ. ಅದೇ ತಾಲ್ಲೂಕಿನ ತೂಬಗೆರೆ ಹೋಬಳಿಯಲ್ಲಿ ಘಾಟಿ ಸುಬ್ರಹ್ಮಣ್ಯ ಕ್ಷೇತ್ರವುಂಟು. ಮಕ್ಕಳಿಲ್ಲದವರು ಅಲ್ಲಿಗೆ ಹರಕೆ ಹೊತ್ತು ಹೋಗಿ ನಾಗರಕಲ್ಲುಗಳನ್ನು ಪ್ರತಿಷ್ಠೆ ಮಾಡಿಸುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಸಾಲುಸಾಲಾಗಿ ನಿಂತಿರುವ ಆ ಕಲ್ಲುಗಳನ್ನು ಕಂಡವರಿಗೆ, ಈ ಸೀಮೆಯ ಜನರಿಗೆ ಮಗುವಿನ ಕ್ಷೇಮಕ್ಕಿಂತ ಮಿಗಿಲಾದ ಹಂಬಲವು ಮತ್ತೊಂದಿಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ.

ಇಷ್ಟು ಹಂಬಲಿಸಿ ಪಡೆದ ಮಗುವು ತುಟಿ ಸೀಳಿಯೋ, ಪಾದ ಒಳಕ್ಕೆ ತಿರುಗಿಯೋ, ಬೆನ್ನಿನ ಮೇಲೆ ನೀರುಗಂಟು ಹೊತ್ತೋ ಹುಟ್ಟಿದರೆ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಹೀಗೇಕಾಯಿತು ಎಂಬುದು ಮೊದಲನೆಯದು. ಈಗೇನು ಮಾಡಬೇಕು ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರ ಹೇಳುವವರು ಕೇರಿಯಲ್ಲಿ ಬೇಕಾದಷ್ಟು ಮಂದಿ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಕತ್ತರಿ ಹಿಡಿದಳೆಂದು ಒಬ್ಬರು, ಹಾವು ಹೊಡೆದ ಮನೆತನವೆಂದು ಇನ್ನೊಬ್ಬರು, ಹೊತ್ತಲ್ಲದ ಹೊತ್ತಿನಲ್ಲಿ ಹೊರಗೆ ತಿರುಗಿದಳೆಂದು ಮತ್ತೊಬ್ಬರು ಹೇಳುತ್ತಾರೆ. ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ಮುಟ್ಟುವುದು ಬಾಣಂತಿಯನ್ನೇ. ಈ ವಿಚಾರಣೆಯು ಮುಗಿಯುವಷ್ಟರಲ್ಲಿ ಎರಡನೆಯ ಪ್ರಶ್ನೆಯ ಕಾಲವು ಎಷ್ಟೋ ವೇಳೆ ಮೀರಿಹೋಗಿರುತ್ತದೆ.

ಹುಟ್ಟುಕುಂದುಗಳ ಚರಿತ್ರೆಯನ್ನು ನೋಡಿದರೆ ಒಂದು ವಿಚಿತ್ರವು ಕಂಡುಬರುತ್ತದೆ. ಲೋಕವು ಯಾವ ತಾಯಿಯನ್ನು ಅಪರಾಧಿಯೆಂದು ನಿಲ್ಲಿಸಿತೋ, ಆ ತಾಯಿಯ ಮಾತನ್ನು ಯಾರಾದರೊಬ್ಬರು ಸಾಕ್ಷಿಯ ಮಾತೆಂದು ಕಿವಿಗೊಟ್ಟು ಕೇಳಿದಾಗಲೆಲ್ಲ ವೈದ್ಯಶಾಸ್ತ್ರವು ಒಂದು ಹೆಜ್ಜೆ ಮುಂದಕ್ಕೆ ಹೋಗಿದೆ. ಆ ಹೆಜ್ಜೆಗಳಲ್ಲಿ ಕೆಲವು ಕನ್ನಡ ನಾಡಿನಲ್ಲಿಯೇ ಇಟ್ಟವು.

೨

ಪುರಾಣ ಕಥೆಗಳನ್ನು ಬಲ್ಲ ಮನೆಗಳಿಗೆ ಅಷ್ಟಾವಕ್ರನೂ ಅರುಣನೂ ಪರಿಚಿತರೇ. ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನು ಗರ್ಭದಲ್ಲಿರುವಾಗಲೇ ತಂದೆಯಾದ ಕಹೋಡನ ವೇದಪಾಠದ ತಪ್ಪನ್ನು ಎತ್ತಿ ಆಡಿ, ಅವನ ಶಾಪದಿಂದ ಎಂಟು ಕಡೆ ಡೊಂಕಾಗಿ ಹುಟ್ಟಿದನು. ಆದಿಪರ್ವದಲ್ಲಿ ವಿನತೆಯು ಆತುರಪಟ್ಟು ಮೊಟ್ಟೆಯನ್ನು ಕಾಲಕ್ಕೆ ಮೊದಲೇ ಒಡೆದುದರಿಂದ ಅರುಣನು ತೊಡೆಗಳು ಬೆಳೆಯದೆ ಹುಟ್ಟಿ, ತಾಯಿಯನ್ನೇ ಶಪಿಸಿದನು. ಒಂದು ಕಡೆ ತಂದೆ, ಇನ್ನೊಂದು ಕಡೆ ತಾಯಿ; ಊನಕ್ಕೆ ಹೊಣೆಗಾರರೊಬ್ಬರು ಇರಲೇಬೇಕೆಂಬುದು ಕಥೆಗಾರನ ನಂಬಿಕೆ. ಆದರೆ ಆ ಕಥೆಗಳ ಇನ್ನೊಂದು ಮುಖವನ್ನು ಮರೆಯಲಾಗದು. ಎಂಟು ಡೊಂಕಿನವನು ಜನಕನ ಸಭೆಯಲ್ಲಿ ವಾದಮಾಡಿ ಗೆದ್ದನು. ತೊಡೆಯಿಲ್ಲದವನು ಸೂರ್ಯನ ರಥಕ್ಕೆ ಸಾರಥಿಯಾದನು. ಊನವಿದ್ದವನಿಗೆ ಲೋಕದಲ್ಲಿ ಸ್ಥಾನವಿಲ್ಲವೆಂದು ಪುರಾಣವು ಹೇಳಲಿಲ್ಲ.

ಆಯುರ್ವೇದದ ಆಚಾರ್ಯರು ಈ ವಿಷಯವನ್ನು ಕಥೆಯಾಗಿ ಬಿಡದೆ ವಿಚಾರಕ್ಕೆ ತೆಗೆದುಕೊಂಡರು. ಗರ್ಭವು ನಿಲ್ಲುವುದಕ್ಕೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕು ಸೇರಬೇಕೆಂದು ಸುಶ್ರುತನು ಬೆಳೆಯ ಹೋಲಿಕೆಯಿಂದ ತಿಳಿಸಿದನು: ಹದವಾದ ಕಾಲ, ಒಳ್ಳೆಯ ನೆಲ, ಸಾಕಾದಷ್ಟು ನೀರು, ಗಟ್ಟಿಯಾದ ಬಿತ್ತ. ಬಸುರಿಯ ಬಯಕೆಯನ್ನು ತೀರಿಸದಿದ್ದರೆ ಮಗುವು ಗೂನು, ಕುಂಟು, ಕುಳ್ಳು, ಮಂದಬುದ್ಧಿ ಮೊದಲಾದ ಕೊರತೆಗಳನ್ನು ಹೊಂದೀತೆಂದೂ ಅವನು ಹೇಳಿದ್ದಾನೆ. ಬಯಕೆಯ ಊಟವಿಕ್ಕಿ ಬಸುರಿಯನ್ನು ಆದರಿಸುವ ಪದ್ಧತಿಗೆ ಇಂತಹ ಮಾತು ಬಲವನ್ನು ಕೊಟ್ಟಿತು. ಆದರೆ ಮಗುವಿನ ಊನವನ್ನು ತಾಯಿಯ ಮನಸ್ಸಿಗೆ ಕಟ್ಟುವ ದಾರಿಯನ್ನೂ ಅದೇ ತೆರೆಯಿತು. ಚರಕಸಂಹಿತೆಯಲ್ಲಿ ಬೇರೊಂದು ಮಾತಿದೆ. ಬೀಜದೊಳಗೆ ಯಾವ ಅಂಗಕ್ಕೆ ಸೇರಿದ ಭಾಗವು ಕೆಟ್ಟಿರುವುದೋ ಆ ಅಂಗವೇ ಮಗುವಿನಲ್ಲಿ ವಿಕಾರ ಹೊಂದುವುದೆಂಬುದು ಅದರ ತಾತ್ಪರ್ಯ. ಪೂರ್ವಕರ್ಮವನ್ನೂ ತಾಯಿಯ ಆಹಾರ ವಿಹಾರಗಳನ್ನೂ ಅದೇ ಗ್ರಂಥವು ಕಾರಣಗಳಲ್ಲಿ ಎಣಿಸುವುದರಿಂದ ಹಳಬರು ಎಲ್ಲವನ್ನೂ ಅರಿತಿದ್ದರೆಂದು ಹೇಳುವುದು ಸಲ್ಲದು. ಆದರೂ ಬೀಜದೋಷ, ಕ್ಷೇತ್ರದೋಷ, ಪೋಷಣೆಯ ಕೊರತೆ ಇವು ಬೇರೆ ಬೇರೆಯೆಂಬ ವಿವೇಕವು ಈ ನಾಡಿನಲ್ಲಿ ಹುಟ್ಟಿತ್ತೆಂಬುದು ನಿಶ್ಚಯ. ಬಹುಕಾಲದ ಮೇಲೆ ಬಂದ ನವೀನ ಶಾಸ್ತ್ರವೂ ಇದೇ ವಿಭಾಗದಲ್ಲಿ ನಡೆದುದರಿಂದ, ಮುಂದಿನ ವೃತ್ತಾಂತವನ್ನೂ ಈ ಕ್ರಮದಲ್ಲಿಯೇ ನೋಡಬಹುದು.

೩

ಮೊದಲು ಬೀಜದ ಮಾತು. ಶಿಶುವಿನ ಮೂತ್ರವು ಬಟ್ಟೆಯ ಮೇಲೆ ಕಪ್ಪಾಗಿ ಕಾಣುವ ಆಲ್ಕಾಪ್ಟೊನ್ಯೂರಿಯ ಎಂಬ ಅಪರೂಪದ ಸ್ಥಿತಿಯನ್ನು ಲಂಡನಿನ ವೈದ್ಯರಾದ ಆರ್ಚಿಬಾಲ್ಡ್ ಗ್ಯಾರಡ್ ಅವರು ಪರೀಕ್ಷಿಸುತ್ತಿದ್ದರು. ಇಂತಹ ಮಕ್ಕಳ ತಂದೆತಾಯಿಗಳು ಅನೇಕ ವೇಳೆ ಒಬ್ಬರಿಗೊಬ್ಬರು ಸೋದರ ಸಂಬಂಧಿಗಳೆಂಬುದು ಅವರ ಗಮನಕ್ಕೆ ಬಂದಿತು. ಬಟಾಣಿ ಗಿಡಗಳ ಮೇಲೆ ಮೆಂಡೆಲ್ ನಡಸಿದ್ದ ಪ್ರಯೋಗಗಳನ್ನು ಲೋಕವು ೧೯೦೦ರಲ್ಲಿ ಮತ್ತೆ ಕಂಡುಕೊಂಡಿದ್ದ ಕಾಲವದು. ಒಂದು ದೋಷವು ತಂದೆಯಲ್ಲಿಯೂ ತಾಯಿಯಲ್ಲಿಯೂ ಮರೆಯಾಗಿದ್ದು, ಎರಡೂ ಕಡೆಯಿಂದ ಮಗುವಿಗೆ ಬಂದಾಗ ಮಾತ್ರ ಹೊರಗೆ ಕಾಣಿಸಿಕೊಳ್ಳುವುದೆಂಬ ಮೆಂಡೆಲನ ನಿಯಮವು ಮನುಷ್ಯರಿಗೂ ಸಲ್ಲುವುದೆಂದು ೧೯೦೨ರಲ್ಲಿ ಗ್ಯಾರಡ್ ಅವರ ಲೇಖನದಿಂದ ತಿಳಿಯಿತು. ಹುಟ್ಟಿನ ಊನವೆಂದರೆ ಕೈಕಾಲುಗಳ ಡೊಂಕು ಮಾತ್ರವಲ್ಲ. ಹೊರಗೆ ಲಕ್ಷಣವಾಗಿ ಕಾಣುವ ಶಿಶುವಿನ ಒಡಲಿನೊಳಗೂ ಹುಟ್ಟಿನಿಂದಲೇ ಒಂದು ಕೊರತೆಯಿರಬಹುದೆಂಬ ತಿಳಿವಳಿಕೆಗೆ ಅಂದು ಅಸ್ತಿವಾರ ಬಿದ್ದಿತು.

ನಾರ್ವೆ ದೇಶದಲ್ಲಿ ೧೯೩೪ರಲ್ಲಿ ಇದಕ್ಕೆ ಸಾಕ್ಷಿಯು ದೊರೆಯಿತು. ಅಲ್ಲಿಯ ಒಬ್ಬ ತಾಯಿಗೆ ಇಬ್ಬರು ಮಕ್ಕಳು. ಇಬ್ಬರಿಗೂ ಬುದ್ಧಿ ಬೆಳೆಯಲಿಲ್ಲ. ಮಕ್ಕಳ ಮೈಯಲ್ಲಿ ಒಂದು ಬಗೆಯ ಮುಗ್ಗುವಾಸನೆಯಿರುವುದನ್ನು ಆಕೆಯು ಗಮನಿಸಿ ಕಂಡ ಕಂಡ ವೈದ್ಯರಿಗೆಲ್ಲ ಹೇಳಿದಳು. ಕಿವಿಗೊಟ್ಟವರಿಲ್ಲ. ಕೊನೆಗೆ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಮಕ್ಕಳ ಮೂತ್ರವನ್ನು ಪರೀಕ್ಷಿಸಲು, ಹಾಕಿದ ರಾಸಾಯನಿಕಕ್ಕೆ ಅದು ಹಸುರು ಬಣ್ಣಕ್ಕೆ ತಿರುಗಿತು. ಆಹಾರದಲ್ಲಿರುವ ಫೀನೈಲಲನೀನ್ ಎಂಬ ಅಂಶವನ್ನು ಆ ಮಕ್ಕಳ ಒಡಲು ಅರಗಿಸಲಾರದೆ, ಅದೇ ವಿಷವಾಗಿ ಮಿದುಳನ್ನು ಕೆಡಿಸುತ್ತಿತ್ತೆಂದು ತಿಳಿದುಬಂದಿತು. ಆ ಇಬ್ಬರು ಮಕ್ಕಳಿಗೆ ಈ ಅರಿವಿನಿಂದ ಪ್ರಯೋಜನವಾಗಲಿಲ್ಲ, ಕಾಲವು ಮೀರಿತ್ತು. ಆದರೆ ಆ ಅಂಶವನ್ನು ಕಡಿಮೆಮಾಡಿದ ಆಹಾರವನ್ನು ಹುಟ್ಟಿದ ಕೆಲವೇ ದಿನಗಳಿಂದ ಕೊಟ್ಟರೆ ಮಗುವು ಎಲ್ಲರಂತೆ ಬೆಳೆಯುವುದೆಂದು ಮುಂದೆ ಸಿದ್ಧವಾಯಿತು. ಇದೇ ಕಾಯಿಲೆಯಿದ್ದ ಮಗುವನ್ನು ತಮ್ಮ ಬಂಧುವರ್ಗದಲ್ಲಿಯೇ ಕಂಡಿದ್ದ ಅಮೆರಿಕದ ರಾಬರ್ಟ್ ಗತ್ರಿ ಅವರು, ಶಿಶುವಿನ ಹಿಮ್ಮಡಿಯಿಂದ ತೆಗೆದ ಒಂದೆರಡು ತೊಟ್ಟು ರಕ್ತವನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಉಪಾಯವನ್ನು ೧೯೬೦ರ ಸುಮಾರಿಗೆ ಕಂಡುಹಿಡಿದರು. ಕಾಯಿಲೆಯು ಕಾಣಿಸಿಕೊಳ್ಳುವುದಕ್ಕೆ ಮೊದಲೇ ಅದನ್ನು ಹಿಡಿಯುವ ದಾರಿಯು ಹೀಗೆ ತೆರೆಯಿತು.

ಕ್ಷೇತ್ರದ ವಿಷಯದಲ್ಲಿಯೂ ಹೀಗೆಯೇ ನಡೆಯಿತು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ವೈದ್ಯರ ಬಳಿಗೆ ಹುಟ್ಟುಪೊರೆಯ ಶಿಶುಗಳು ಒಂದರ ಹಿಂದೆ ಒಂದಾಗಿ ಬರತೊಡಗಿದವು. ಬಸುರಿನ ಮೊದಲ ತಿಂಗಳುಗಳಲ್ಲಿ ತಮಗೆ ರುಬೆಲ್ಲ ಎಂಬ ಗುಳ್ಳೆಜ್ವರ ಬಂದಿತ್ತೆಂದು ತಾಯಂದಿರು ಆಡಿದ ಮಾತನ್ನು ಅವರು ಹಿಡಿದುಕೊಂಡು, ಎಣಿಕೆಮಾಡಿ, ೧೯೪೧ರಲ್ಲಿ ಪ್ರಕಟಿಸಿದರು. ದೊಡ್ಡವರಿಗೆ ಮೂರು ದಿನದ ಅಲ್ಪವ್ಯಾಧಿಯು ಗರ್ಭದಲ್ಲಿರುವ ಶಿಶುವಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸಬಲ್ಲದೆಂಬ ಮಾತನ್ನು ಮೊದಲು ಅನೇಕರು ನಂಬಲಿಲ್ಲ. ಪಶ್ಚಿಮ ಜರ್ಮನಿಯಲ್ಲಿ ೧೯೫೭ರಿಂದ ಮಾರಾಟವಾದ ಥಾಲಿಡೊಮೈಡ್ ಎಂಬ ಔಷಧವು ಆ ಅಪನಂಬಿಕೆಯನ್ನು ಮುರಿಯಿತು. ಇದನ್ನು ಬಸುರಿಯರು ನಿದ್ದೆಗಾಗಿಯೂ ವಾಕರಿಕೆಯ ಶಮನಕ್ಕಾಗಿಯೂ ಸೇವಿಸಿದುದರಿಂದ ಅನೇಕ ದೇಶಗಳಲ್ಲಿ ಒಟ್ಟು ಹತ್ತು ಸಾವಿರಕ್ಕೂ ಮೀರಿದ ಮಕ್ಕಳು ಕೈಕಾಲುಗಳು ಬೆಳೆಯದೆ ಹುಟ್ಟಿದರು. ಜರ್ಮನಿಯ ವಿಡುಕಿಂಡ್ ಲೆಂಟ್ಸ್ ಅವರು ತಾಯಂದಿರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದ ಮೇಲೆಯೇ ೧೯೬೧ರ ಕೊನೆಯಲ್ಲಿ ಆ ಔಷಧವನ್ನು ಅಲ್ಲಿ ಹಿಂದಕ್ಕೆ ಪಡೆಯಲಾಯಿತು. ಆ ಬಳಿಕ ಹುಟ್ಟುಕುಂದುಗಳನ್ನು ಲೆಕ್ಕವಿಡುವ ದಫ್ತರಗಳು ಅನೇಕ ದೇಶಗಳಲ್ಲಿ ಏರ್ಪಟ್ಟವು. ಮನೆಯ ಮೂಲೆಯಲ್ಲಿ ಬಚ್ಚಿಟ್ಟ ಮಗುವು ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದುದರ ಕಾರಣವನ್ನು ಯಾರೂ ಹುಡುಕುವುದಿಲ್ಲ.

೪

ಕನ್ನಡ ನಾಡಿನಲ್ಲಿ ಈ ಲೆಕ್ಕವು ಮಲೆನಾಡಿನ ಒಂದು ಹಳ್ಳಿಯಿಂದ ಆರಂಭವಾಯಿತೆನ್ನಬಹುದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ೧೯೭೪–೭೫ರ ಸುಮಾರಿಗೆ, ಸೊಂಟ ಮೊಣಕಾಲುಗಳ ಕೀಲು ಕೆಟ್ಟು ನಡೆಯಲಾರದವರ ಸಂಗತಿಯು ಹೊರಗೆ ಬಂದಿತು. ಅವರಲ್ಲಿ ಕೆಲವರು ಬಹಳ ಕುಳ್ಳಾಗಿಯೂ ಇದ್ದರು. ಬಾಧೆಗೊಳಗಾದವರು ಮುಖ್ಯವಾಗಿ ಪರಿಶಿಷ್ಟ ಜಾತಿಗಳ ಬಡ ಕೂಲಿಯ ಕುಟುಂಬದವರು. ಗದ್ದೆಗೆ ಹೊಡೆದ ಕೀಟನಾಶಕವು ಅವರು ತಿನ್ನುವ ಏಡಿಯ ಮೂಲಕ ಮೈಸೇರಿತೋ ಏನೋ ಎಂಬ ಸಂಶಯವು ಹುಟ್ಟಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪಂಡಿತರು ಬಂದು ನೋಡಿ, ೧೯೭೭ರಲ್ಲಿ ಇದನ್ನು ಮಲೆನಾಡಿನ ಕುಟುಂಬಗಳಲ್ಲಿ ನೆಲಸಿದ ಕೀಲುರೋಗವೆಂದು ವರ್ಣಿಸಿದರು. ಮುಂದೆ ೧೯೯೦ರ ದಶಕದಲ್ಲಿ ಮನೆಮನೆಯ ವಂಶಾವಳಿಗಳನ್ನೂ ಎಲುಬಿನ ಕ್ಷ-ಕಿರಣ ಚಿತ್ರಗಳನ್ನೂ ಕೂಡಿಸಿ ಪರೀಕ್ಷಿಸಿದಾಗ ಇದು ವಂಶದಲ್ಲಿ ಇಳಿದುಬರುವ ಎಲುಬಿನ ಬೆಳವಣಿಗೆಯ ದೋಷವೆಂಬ ನಿರ್ಣಯವಾಯಿತು. ಗ್ಯಾರಡ್ ಕಂಡ ದೋಷದಂತೆ ಇದು ಮರೆಯಲ್ಲಿ ನಿಲ್ಲುವುದಲ್ಲ. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಪ್ರತಿಯೊಂದು ಮಗುವಿಗೂ ಅರ್ಧಕ್ಕರ್ಧ ಸಂಭವವುಂಟು. ಊರಿನ ಹೆಸರೇ ರೋಗದ ಹೆಸರಾಗಿ ವೈದ್ಯಗ್ರಂಥಗಳನ್ನು ಸೇರಿತು. ಕಾರಣವು ತಿಳಿದಿತು, ಆದರೆ ರೋಗವನ್ನು ಬೇರುಸಹಿತ ಕೀಳುವ ಔಷಧವು ದೊರೆಯಲಿಲ್ಲ. ನೋವನ್ನು ತಗ್ಗಿಸುವುದು, ಕೆಟ್ಟ ಕೀಲನ್ನು ಬದಲಾಯಿಸುವುದು, ಜೀವನಕ್ಕೆ ಆಧಾರ ಕಲ್ಪಿಸುವುದು ಇವಿಷ್ಟೇ ಅಲ್ಲಿ ಮಾಡಬಹುದಾದ ಉಪಚಾರ. ಹೆಸರು ಕೊಡುವುದಕ್ಕೂ ಆರೈಕೆ ಕೊಡುವುದಕ್ಕೂ ನಡುವೆ ಎಷ್ಟು ದೂರವಿದೆಯೆಂಬುದನ್ನು ಹಂದಿಗೋಡು ಎಲ್ಲರಿಗಿಂತ ಮೊದಲು ತೋರಿಸಿತು.

ಗಡಿಯಾಚೆಯ ಕನ್ನಡ ಸೀಮೆಯಾದ ಕಾಸರಗೋಡಿನ ಕಥೆಯು ಕ್ಷೇತ್ರಕ್ಕೆ ಸಂಬಂಧಿಸಿದುದು. ಅಲ್ಲಿಯ ಸರ್ಕಾರಿ ಗೇರುತೋಟಗಳ ಮೇಲೆ ೧೯೭೦ರ ದಶಕದ ನಡುಭಾಗದಿಂದ ೨೦೦೦ದವರೆಗೆ ಹೆಲಿಕಾಪ್ಟರಿನ ಮೂಲಕ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಗುತ್ತಿತ್ತು. ಊನವಾಗಿ ಹುಟ್ಟಿದ ಕರುಗಳ ವಿಷಯವನ್ನು ಪತ್ರಕರ್ತರಾದ ಶ್ರೀಪಡ್ರೆಯವರು ೧೯೭೯ರ ಸುಮಾರಿಗೇ ಬರೆದರು. ಎಣ್ಮಕಜೆ ಪಂಚಾಯಿತಿಯ ವಾಣಿನಗರದಲ್ಲಿ ವೈದ್ಯವೃತ್ತಿ ಮಾಡುತ್ತಿದ್ದ ಡಾಕ್ಟರ್ ವೈ. ಎಸ್. ಮೋಹನ ಕುಮಾರರು, ತಮ್ಮ ಬಳಿಗೆ ಬರುವ ಮನೆಗಳಲ್ಲಿ ತಲೆಯೂದಿದ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು, ಅಪಸ್ಮಾರದ ಮಕ್ಕಳು ಇವರ ಸಂಖ್ಯೆಯು ಮೀರಿರುವುದನ್ನು ಕಂಡು ಬರೆದಿಟ್ಟುಕೊಂಡರು. ಕಾರಣದ ವಿಷಯದಲ್ಲಿ ಪಂಡಿತರೊಳಗೆ ದೀರ್ಘವಾದ ವಾದಗಳು ನಡೆದವು. ೨೦೧೧ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಔಷಧದ ತಯಾರಿಕೆ ಮಾರಾಟಗಳನ್ನು ದೇಶದಲ್ಲೆಲ್ಲ ನಿಲ್ಲಿಸಿ, ೨೦೧೭ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ವಿಧಿಸಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಮೊದಲಾದ ಗ್ರಾಮಗಳಲ್ಲಿಯೂ ಇದೇ ದುಃಖವು ಕಂಡುಬಂದಿತು. ನಾಗದೋಷ ಭೂತದೋಷಗಳೆಂದು ಪರಿಹಾರ ಮಾಡಿಸಿ ಕುಳಿತಿದ್ದರೆ ಆ ಹೆಲಿಕಾಪ್ಟರು ನಿಲ್ಲುತ್ತಿರಲಿಲ್ಲ.

ಬೆಂಗಳೂರಿನಲ್ಲಿ ನಡೆದ ಮೂರನೆಯ ಪ್ರಯತ್ನವು ಜನರಲ್ಲಿ ಅಷ್ಟಾಗಿ ಪ್ರಸಿದ್ಧವಾಗಲಿಲ್ಲವಾದರೂ ದೊಡ್ಡಬೆಳವಂಗಲದಂತಹ ಊರಿನ ಮನೆಗಳಿಗೆ ಅದೇ ಹೆಚ್ಚು ಹತ್ತಿರದ್ದು. ಭಾರತೀಯ ವಿಜ್ಞಾನ ಮಂದಿರದ ಜೀವರಸಾಯನ ಪಂಡಿತರಾದ ಎನ್. ಅಪ್ಪಾಜಿ ರಾಯರೂ ಎ. ರಾಧಾ ರಮಾ ದೇವಿಯವರೂ ಅವರ ಸಂಗಡಿಗರೂ ೧೯೮೦ರಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆಯನ್ನು ಕೈಗೊಂಡರು. ದೇಶದಲ್ಲಿ ಇಂತಹ ಪ್ರಯತ್ನಗಳಲ್ಲಿ ಇದೇ ಮೊದಲನೆಯದೆಂದು ಹೇಳುವರು. ಕೆಲವು ವರ್ಷಗಳೊಳಗೆ ಒಂದು ಲಕ್ಷಕ್ಕೂ ಮೀರಿದ ಶಿಶುಗಳ ರಕ್ತವನ್ನು ನೋಡಲಾಯಿತು. ಒಡಲೊಳಗಿನ ಹುಟ್ಟುಕುಂದುಗಳು ಪಾಶ್ಚಾತ್ಯ ದೇಶಗಳಿಗೆ ಮಾತ್ರ ಸೇರಿದವಲ್ಲ, ಇಲ್ಲಿಯೂ ಉಂಟು ಎಂಬುದು ಇದರಿಂದ ಸ್ಥಿರಪಟ್ಟಿತು.

ಅದರ ಜೊತೆಯಲ್ಲಿಯೇ ತಾಯಂದಿರನ್ನು ಇನ್ನೊಂದು ಪ್ರಶ್ನೆ ಕೇಳಲಾಗಿತ್ತು: ನಿಮಗೂ ನಿಮ್ಮ ಯಜಮಾನರಿಗೂ ಮದುವೆಗೆ ಮೊದಲು ಏನಾದರೂ ನಂಟಿತ್ತೆ? ಲಂಡನಿನ ಆಲನ್ ಬಿಟಲ್ಸ್ ಅವರೊಡಗೂಡಿ ಈ ಉತ್ತರಗಳನ್ನು ಲೆಕ್ಕಹಾಕಿದಾಗ, ಸುಮಾರು ಮೂರರಲ್ಲೊಂದು ಮದುವೆಯು ರಕ್ತಸಂಬಂಧದೊಳಗಿನದೆಂದು ಗೊತ್ತಾಯಿತು. ಅಕ್ಕನ ಮಗಳನ್ನು ತಮ್ಮನಿಗೂ ಸೋದರಮಾವನ ಮಗಳನ್ನು ಅಳಿಯನಿಗೂ ತಂದುಕೊಳ್ಳುವ ವಾಡಿಕೆಯೇ ಇವುಗಳಲ್ಲಿ ಮುಖ್ಯವಾದುದು. ಆಸ್ತಿಯು ಮನೆಯಲ್ಲಿ ಉಳಿಯುವುದು, ಹೆಣ್ಣು ಕಂಡ ಮನೆಗೆ ಹೋಗುವುದು, ಅತ್ತೆಯು ಅಜ್ಜಿಯೇ ಆಗಿರುವುದರಿಂದ ಸೊಸೆಗೆ ಕಷ್ಟವಾಗದಿರುವುದು ಇವೇ ಮೊದಲಾದ ಅನುಕೂಲಗಳನ್ನು ಹಿರಿಯರು ನೋಡಿ ನಡಸಿಕೊಂಡು ಬಂದ ವಾಡಿಕೆಯಿದು. ಇದನ್ನು ಮೌಢ್ಯವೆಂದು ಹಳಿಯುವುದು ನ್ಯಾಯವಲ್ಲ. ಆದರೆ ಲೆಕ್ಕವನ್ನೂ ತಿಳಿದಿರಬೇಕು. ಪ್ರತಿಯೊಬ್ಬ ಮನುಷ್ಯನಲ್ಲಿಯೂ ಕೆಲವು ದೋಷಗಳು ಮರೆಯಾಗಿರುತ್ತವೆ. ಮಾವ ಸೊಸೆಯರಲ್ಲಿ ವಂಶವಾಹಿಗಳ ನಾಲ್ಕನೆಯ ಒಂದು ಪಾಲೂ, ಸೋದರತ್ತೆ ಸೋದರಮಾವಂದಿರ ಮಕ್ಕಳಲ್ಲಿ ಎಂಟನೆಯ ಒಂದು ಪಾಲೂ ಒಂದೇ ಆಗಿರುತ್ತವೆ. ಆದಕಾರಣ ಒಂದೇ ದೋಷವು ಇಬ್ಬರಲ್ಲಿಯೂ ಇರುವ ಸಂಭವವು ಹೊರಗಿನ ಸಂಬಂಧಕ್ಕಿಂತ ಹೆಚ್ಚು. ಹಾಗೆ ಇದ್ದಲ್ಲಿ ಪ್ರತಿಯೊಂದು ಬಸುರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಅಪಾಯವುಂಟು. ಸಾಮಾನ್ಯವಾಗಿ ನೂರು ಶಿಶುಗಳಲ್ಲಿ ಎರಡು ಮೂರಕ್ಕೆ ಗಣನೀಯವಾದ ಹುಟ್ಟುಕುಂದಿರುವುದು. ಸೋದರಿಕೆಯ ಮದುವೆಗಳಲ್ಲಿ ಇದು ಸುಮಾರು ಇಮ್ಮಡಿಯಾಗುವುದೆಂದು ಗಣಿಸಿದ್ದಾರೆ. ಎಂದರೆ ಸೋದರಿಕೆಯಲ್ಲಿ ಹುಟ್ಟಿದ ಹೆಚ್ಚಿನ ಮಕ್ಕಳು ಆರೋಗ್ಯವಂತರೇ. ಆದರೆ ಮನೆತನದಲ್ಲಿ ಈ ಮೊದಲೇ ಇಂತಹ ಮಗು ಹುಟ್ಟಿದ್ದರೆ, ಮತ್ತೊಂದು ಒಳಸಂಬಂಧವನ್ನು ನಿಶ್ಚಯಿಸುವ ಮುನ್ನ ವೈದ್ಯರ ಸಲಹೆಯನ್ನು ಕೇಳದಿರುವುದು ವಿವೇಕವಲ್ಲ. ಜಾತಕವನ್ನು ತೋರಿಸುವವರು ವಂಶಾವಳಿಯನ್ನೂ ಒಮ್ಮೆ ತೋರಿಸಿದರೆ ನಷ್ಟವೇನು?

೫

ಮೊದಲನೆಯ ಪ್ರಶ್ನೆಗೆ ಹೀಗೆ ಒಂದೊಂದಾಗಿ ಉತ್ತರಗಳು ದೊರೆತವು. ಎರಡನೆಯ ಪ್ರಶ್ನೆಗೆ ದೊರೆತ ಉತ್ತರಗಳಲ್ಲೆಲ್ಲ ಒಂದು ಮಾತು ಸಾಮಾನ್ಯವಾಗಿದೆ. ಅದು ಕಾಲದ ಮಾತು, ಸುಶ್ರುತನು ಹೇಳಿದ ಋತು.

ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯು ಹುಟ್ಟಿನಿಂದ ಕೆಲಸಮಾಡದಿರುವ ಕೊರತೆಯು ಭಾರತದಲ್ಲಿ ಸುಮಾರು ೧,೧೦೦ ಶಿಶುಗಳಲ್ಲಿ ಒಂದಕ್ಕೆ ಇರುವುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಪರೀಕ್ಷೆಗಳಿಂದ ತಿಳಿದಿದೆ. ಹುಟ್ಟಿದಾಗ ಮಗುವು ನೋಡುವುದಕ್ಕೆ ಸರಿಯಾಗಿಯೇ ಇರುತ್ತದೆ. ಹೆಚ್ಚು ನಿದ್ದೆ ಮಾಡುವ, ಅಳದ, ಸಾಧು ಮಗುವೆಂದು ಮನೆಯವರು ಸಂತೋಷಪಡುವುದೂ ಉಂಟು. ಎರಡು ವಾರಗಳೊಳಗೆ ಕಂಡುಹಿಡಿದು ದಿನಕ್ಕೊಂದು ಅಗ್ಗದ ಗುಳಿಗೆಯನ್ನು ಕೊಡುತ್ತ ಬಂದರೆ ಆ ಮಗುವು ಶಾಲೆಗೆ ಹೋಗಿ ಎಲ್ಲರಂತೆ ಓದುವುದು. ಹಲವು ತಿಂಗಳು ತಡವಾದರೆ ಅದೇ ಗುಳಿಗೆಯು ಮೈಯನ್ನು ಬೆಳೆಸೀತೇ ಹೊರತು ಕಳೆದುಹೋದ ಬುದ್ಧಿಯನ್ನು ತಂದುಕೊಡಲಾರದು. ಕಾಯಿಲೆ ಒಂದೇ, ಔಷಧವೂ ಒಂದೇ. ಎರಡು ಬಾಳುಗಳ ಅಂತರಕ್ಕೆ ಕಾರಣವು ತಿಳಿದ ಹೊತ್ತು ಮಾತ್ರ.

ಒಳಕ್ಕೆ ತಿರುಗಿದ ಪಾದವನ್ನು ನೆಟ್ಟಗೆ ಮಾಡುವುದಕ್ಕೆ ಹಿಂದೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕೆಂದಿದ್ದರು. ಅಮೆರಿಕದಲ್ಲಿ ನೆಲಸಿದ್ದ ಸ್ಪೇನಿನ ವೈದ್ಯರಾದ ಪೊನ್ಸೆಟಿಯವರು, ಎಳೆಯ ಮೂಳೆಯು ಮೆತುವಾಗಿರುವಾಗಲೇ ವಾರಕ್ಕೊಮ್ಮೆ ಪಾದವನ್ನು ಮೆಲ್ಲಗೆ ತಿದ್ದಿ ಸುಣ್ಣದ ಪಟ್ಟಿ ಕಟ್ಟುವ ವಿಧಾನವನ್ನು ತೋರಿಸಿಕೊಟ್ಟರು. ಐದಾರು ಕಟ್ಟುಗಳು, ಬೇಕಾದರೆ ಹಿಮ್ಮಡಿಯ ಸ್ನಾಯುರಜ್ಜುವಿನಲ್ಲಿ ಒಂದು ಸಣ್ಣ ಕೊಯ್ತ, ಅನಂತರ ನಾಲ್ಕೈದು ವರ್ಷ ರಾತ್ರಿಯ ಹೊತ್ತು ತೊಡುವ ಜೋಡು. ಇಷ್ಟರಿಂದ ಮಗುವು ಓಡಾಡುವಂತಾಗುವುದು. ಕಾಲು ನೆಟ್ಟಗಾಯಿತೆಂದು ಜೋಡನ್ನು ನಡುವೆ ಬಿಟ್ಟರೆ ಪಾದವು ಮತ್ತೆ ತಿರುಗುವುದೆಂಬುದನ್ನು ಮನೆಯವರು ಮರೆಯಬಾರದು. ಸೀಳುತುಟಿಯನ್ನು ಸಾಧಾರಣವಾಗಿ ಮೂರರಿಂದ ಆರು ತಿಂಗಳೊಳಗೂ, ಅಂಗುಳವನ್ನು ಮಾತು ಬಲಿಯುವುದಕ್ಕೆ ಮೊದಲೂ ಸೇರಿಸುತ್ತಾರೆ. ಕತ್ತರಿಸಿದ ತುಟಿಯನ್ನು ಸೇರಿಸುವ ಮಾತು ಸುಶ್ರುತಸಂಹಿತೆಯಲ್ಲಿಯೇ ಇದೆ. ಅಲ್ಲಿಯವರೆಗೆ ಮಗುವಿಗೆ ಹಾಲೂಡಿಸುವ ಬಗ್ಗೆಯೇ ತಾಯಿಗೆ ಹೆಚ್ಚು ಸಹಾಯ ಬೇಕು. ಅಂಗುಳ ಸೀಳಿದ ಮಗುವು ಹಾಲನ್ನು ಎಳೆಯಲಾರದೆ ಸೊರಗುವುದು. ಮಗುವನ್ನು ನೆಟ್ಟಗೆ ಎತ್ತಿ ಹಿಡಿದು, ಹಿಂಡಿದ ಎದೆಹಾಲನ್ನು ಒಳಲೆಯಿಂದಲೋ ಚಮಚದಿಂದಲೋ ಮೆಲ್ಲಗೆ ಕುಡಿಸುವುದನ್ನು ಆಸ್ಪತ್ರೆಯ ದಾದಿಯರು ಕಲಿಸಿಕೊಡುತ್ತಾರೆ.

ಕೆಲವು ಕುಂದುಗಳಲ್ಲಿ ಕಾಲವು ಹುಟ್ಟುವುದಕ್ಕೆ ಮೊದಲೇ ಬರುತ್ತದೆ. ಮಿದುಳು ಬೆನ್ನುಹುರಿಗಳಾಗಿ ಬೆಳೆಯುವ ನರನಾಳವು ಗರ್ಭಕಟ್ಟಿದ ನಾಲ್ಕು ವಾರಗಳೊಳಗೆ, ಎಂದರೆ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದು ತಿಳಿಯುವಷ್ಟರಲ್ಲಿಯೇ, ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಬೆನ್ನಿನ ಮೇಲೆ ಗಂಟೂ, ಕಾಲುಗಳಲ್ಲಿ ಬಲಹೀನತೆಯೂ, ತಲೆಯಲ್ಲಿ ನೀರು ತುಂಬುವುದೂ ಸಂಭವಿಸುತ್ತವೆ. ಇಂತಹ ಮಗುವನ್ನು ಒಮ್ಮೆ ಹಡೆದವರು ಮುಂದಿನ ಬಸುರಿಗೆ ಮೊದಲಿನಿಂದಲೂ ಫೋಲಿಕ್ ಆಮ್ಲವನ್ನು ಸೇವಿಸಿದರೆ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಇದನ್ನು ತಡೆಯಬಹುದೆಂದು ೧೯೯೧ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಪರೀಕ್ಷೆಯಿಂದ ಸಿದ್ಧವಾಯಿತು. ಸುಶ್ರುತನ ಅಂಬುವೆಂದರೆ ಇದೇ. ಮೂರನೆಯ ತಿಂಗಳಲ್ಲಿ ಆಸ್ಪತ್ರೆಗೆ ಹೋಗಿ ಆರಂಭಿಸಿದ ಗುಳಿಗೆಯು ತಾಯಿಗೆ ಬೇರೆ ವಿಧದಲ್ಲಿ ಹಿತವಾದರೂ ಈ ಕೆಲಸಕ್ಕೆ ಒದಗಲಾರದು. ಮದುವೆಯಾಗಿ ಮಗುವನ್ನು ಬಯಸುವ ಹೆಣ್ಣು ಮೊದಲೇ ವೈದ್ಯರನ್ನು ಕೇಳಿ ಆರಂಭಿಸಬೇಕು. ಗ್ರೆಗ್ ಕಂಡ ರುಬೆಲ್ಲಕ್ಕೆ ಲಸಿಕೆಯು ಬಂದು ದಶಕಗಳಾದವು. ಕರ್ನಾಟಕದಲ್ಲಿ ೨೦೧೭ರ ಫೆಬ್ರವರಿಯಲ್ಲಿ ದಡಾರದ ಲಸಿಕೆಯೊಡನೆ ಅದನ್ನು ಮಕ್ಕಳಿಗೆ ವ್ಯಾಪಕವಾಗಿ ಹಾಕಲಾಯಿತು. ಇಂದು ಹಾಕಿಸಿಕೊಂಡ ಬಾಲಿಕೆಯ ಮಗುವು ಇಪ್ಪತ್ತು ವರ್ಷದ ಮೇಲೆ ಕಣ್ಣಿನ ಪೊರೆಯಿಲ್ಲದೆ ಹುಟ್ಟುವುದು.

೬

ಸರ್ಕಾರದ ಏರ್ಪಾಡುಗಳೂ ತಡವಾಗಿಯಾದರೂ ಬಂದಿವೆ. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುವ ಭಾರವನ್ನು ಹೊತ್ತಿದೆ. ನರನಾಳದ ದೋಷ, ಡೌನ್ ಲಕ್ಷಣ, ಸೀಳುತುಟಿ, ತಿರುಗಿದ ಪಾದ, ಸೊಂಟದ ಕೀಲಿನ ದೋಷ, ಹುಟ್ಟುಪೊರೆ, ಹುಟ್ಟುಕಿವುಡು, ಹೃದಯದ ದೋಷ, ದಿನತುಂಬದ ಶಿಶುಗಳ ಅಕ್ಷಿಪಟಲದ ದೋಷ ಇವು ಅದರ ಪಟ್ಟಿಯಲ್ಲಿರುವ ಹುಟ್ಟುಕುಂದುಗಳು. ಹೆರಿಗೆಯಾದ ಮನೆಗೆ ಬಂದು ಮಗುವನ್ನು ನೋಡುವ ಆಶಾ ಕಾರ್ಯಕರ್ತೆಯು ಈ ಏರ್ಪಾಡಿನ ಮೊದಲ ಕಣ್ಣು. ಆಕೆಯ ಮುಂದೆ ಮಗುವಿನ ಬಟ್ಟೆಯನ್ನು ಬಿಚ್ಚಿ ತೋರಿಸುವುದಕ್ಕೆ ಸಂಕೋಚಪಟ್ಟರೆ ಇಷ್ಟು ದೊಡ್ಡ ಯಂತ್ರವು ಹೊಸಿಲಿನಲ್ಲಿಯೇ ನಿಂತುಹೋಗುವುದು.

ಬಹು ಅಪರೂಪದ ಕಾಯಿಲೆಗಳ ವಿಷಯದಲ್ಲಿ ೨೦೨೧ರಲ್ಲಿ ಕೇಂದ್ರ ಸರ್ಕಾರವು ಒಂದು ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ಅದರಂತೆ ಮೊದಲು ಆರಿಸಿದ ಎಂಟು ಶ್ರೇಷ್ಠ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಕೂಡಿ ಒಂದು. ಒಬ್ಬ ರೋಗಿಗೆ ಕೊಡುವ ಸಹಾಯದ ಮಿತಿಯನ್ನು ೨೦೨೨ರಲ್ಲಿ ಐವತ್ತು ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಇದು ದೊಡ್ಡ ಮೊತ್ತವೇ ಸರಿ. ಆದರೆ ಕೆಲವು ಕಾಯಿಲೆಗಳ ಔಷಧವನ್ನು ಬಾಳಿನುದ್ದಕ್ಕೂ ಕೊಡಬೇಕಾಗಿ, ಮಗುವು ಬೆಳೆದಂತೆ ವೆಚ್ಚವೂ ಬೆಳೆಯುವುದರಿಂದ ಹಣವು ಮುಗಿದ ಮೇಲೆ ಏನು ಮಾಡಬೇಕೆಂಬುದು ತಂದೆತಾಯಿಗಳನ್ನು ಕಾಡುವ ಪ್ರಶ್ನೆಯಾಗಿದೆ. ಹಿಮ್ಮಡಿಯ ರಕ್ತಪರೀಕ್ಷೆಯನ್ನು ನೆರೆಯ ಗೋವೆಯು ೨೦೦೮ರಲ್ಲಿ ರಾಜ್ಯದ ಶಿಶುಗಳಿಗೆಲ್ಲ ಆರಂಭಿಸಿತು. ಆದರೆ ದೇಶದ ಎಲ್ಲ ಶಿಶುಗಳಿಗೂ ಅದು ತಪ್ಪದೆ ದೊರೆಯುವ ಏರ್ಪಾಡು ಇನ್ನೂ ಆಗಬೇಕಾಗಿದೆ. ೧೯೮೦ರಲ್ಲಿ ಬೆಂಗಳೂರು ತೋರಿಸಿದ ದಾರಿಯು ಇಷ್ಟು ವರ್ಷವಾದರೂ ಹಳ್ಳಿಯ ಹೆರಿಗೆಮನೆಯವರೆಗೆ ಪೂರ್ತಿಯಾಗಿ ಬಂದು ಮುಟ್ಟಿಲ್ಲವೆಂಬುದು ನೋವಿನ ಸಂಗತಿ. ಅಪರೂಪವೆಂಬ ಮಾತೂ ಇಲ್ಲಿ ಮೋಸಗೊಳಿಸುವಂಥದು. ಒಂದೊಂದು ಕಾಯಿಲೆಯೂ ಸಾವಿರಕ್ಕೋ ಲಕ್ಷಕ್ಕೋ ಒಂದಾದರೂ ಅವುಗಳ ಬಗೆಗಳು ಸಾವಿರಾರು; ಎಲ್ಲವನ್ನೂ ಕೂಡಿಸಿದರೆ ಯಾವ ಹೋಬಳಿಯೂ ಅವುಗಳಿಂದ ಹೊರತಾಗಿರಲಾರದು.

ದೊಡ್ಡಬೆಳವಂಗಲದಿಂದ ಬೆಂಗಳೂರು ಇಂದು ದೂರವಲ್ಲ. ಬೆಳಗ್ಗೆ ಹೊರಟವರು ಮಗುವನ್ನು ತೋರಿಸಿಕೊಂಡು ಸಂಜೆಗೆ ಹಿಂದಿರುಗಬಹುದು. ಕೇರಿಯ ಮಾತಿಗೂ ಬಾಣಂತಿಯ ಕೋಣೆಗೂ ನಡುವಿನ ದಾರಿಯೇ ಇನ್ನೂ ಉದ್ದವಾಗಿರುವುದು. ಘಾಟಿಯಲ್ಲಿ ಕಲ್ಲು ನಿಲ್ಲಿಸುವವರ ಭಕ್ತಿಗೆ ಯಾರೂ ಅಡ್ಡಿಬರಬೇಕಾದುದಿಲ್ಲ. ಹರಕೆಯು ಮನಸ್ಸಿಗೆ ಧೈರ್ಯ ಕೊಡುವುದಾದರೆ ಅದನ್ನು ತೀರಿಸಲಿ. ಆದರೆ ಆ ಹರಕೆಗೆ ಮುಹೂರ್ತವನ್ನು ಕಾಯಬಹುದು. ಮಗುವಿನ ಮಿದುಳಿಗೂ ಪಾದಕ್ಕೂ ಮುಹೂರ್ತವು ಆಗಲೇ ನಡೆಯುತ್ತಿರುತ್ತದೆ. ಊನವಿರುವ ಮಗುವು ಹುಟ್ಟಿದ ಮನೆಗೆ ಹೋಗುವ ಹಿರಿಯರು, ಬಸುರಿನಲ್ಲಿ ಏನು ಮಾಡಿದೆಯಮ್ಮ ಎಂದು ಕೇಳುವುದನ್ನು ಬಿಟ್ಟು, ಮಗುವಿನಲ್ಲಿ ನೀನು ಏನನ್ನು ಕಂಡೆಯಮ್ಮ ಎಂದು ಕೇಳಲಿ. ನಾರ್ವೆಯ ಆ ತಾಯಿಯನ್ನು ಒಬ್ಬ ವೈದ್ಯರು ಕೇಳಿದುದು ಇಷ್ಟನ್ನೇ.